ಕಣ್ಣಿನ ಕೆಳಗಿನ ಕಪ್ಪಿಗೆ ಬಿಳಿ ಮದ್ದಲ್ಲ

ಪ್ರಶ್ನೆ: ನನಗೆ 32 ವರ್ಷ. ಬನಶಂಕರಿಯಲ್ಲಿ ಮನೆ, ವೈಟ್‌ಫೀಲ್ಡ್‌ನಲ್ಲಿ ಕೆಲಸ. ನನ್ನ ಮೈಬಣ್ಣವನ್ನು ಅಜ್ಜಿ ‘ಎಣ್ಣೆಗೆಂಪು’ ಎನ್ನುತ್ತಿದ್ದರು. ಕಣ್ಣಿನ ಕೆಳಗಿನ ಕಪ್ಪು ಕಾಲೇಜಿನ ದಿನಗಳಿಂದಲೂ ಇದೆ, ಅಮ್ಮನಿಗೂ ಇದೆ. ಸಾಲದ್ದಕ್ಕೆ ಕನ್ನಡಕ. ಮಾಲ್ ಒಂದರಲ್ಲಿ ಕೇಳಿದಾಗ ಮುಖಕ್ಕಿಂತ ಎರಡು ಶೇಡ್ ತಿಳಿಯಾದ ಕನ್ಸೀಲರ್ (ಕಪ್ಪು, ಕಲೆ ಮುಚ್ಚುವ ಕ್ರೀಮ್) ಕೊಟ್ಟರು. ಹಚ್ಚಿದ ಕೂಡಲೇ ಪರವಾಗಿಲ್ಲ ಅನ್ನಿಸುತ್ತದೆ. ಕಚೇರಿಯ ಲಿಫ್ಟ್‌ನ ಕನ್ನಡಿಯಲ್ಲಿ ನೋಡಿಕೊಂಡರೆ ಬೂದಿ ಬಳಿದುಕೊಂಡಂತೆ ಇರುತ್ತದೆ, ಅದರ ಮೇಲೆ ಗೆರೆಗಳು. ಮುಂದಿನ ತಿಂಗಳು ತಮ್ಮನ ಮದುವೆ, ನಾನೇ ಕಳಸಗಿತ್ತಿ. ಯಾವ ಬಣ್ಣದ್ದು ಕೊಳ್ಳಬೇಕು, ಹೇಗೆ ಹಚ್ಚಬೇಕು?

ಉತ್ತರ: ನಿಮ್ಮ ಅಜ್ಜಿಯ ಮಾತಿನಲ್ಲೇ ಅರ್ಧ ಉತ್ತರವಿದೆ. ಎಣ್ಣೆಗೆಂಪು, ಎಣ್ಣೆಗಪ್ಪು, ಗೋಧಿಬಣ್ಣ ಎಂದು ಹಿರಿಯರು ಹೇಳುವಾಗ ಎರಡು ಸಂಗತಿಗಳನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: ಚರ್ಮ ಎಷ್ಟು ಗಾಢ, ಅದರ ಒಳಗಿನಿಂದ ಇಣುಕುವ ಛಾಯೆ ಯಾವುದು. ಈ ಎರಡನೆಯದನ್ನೇ ಅಂಗಡಿಯವರು ‘ಅಂಡರ್‌ಟೋನ್’ ಎನ್ನುತ್ತಾರೆ. ಎಣ್ಣೆಗೆಂಪು ಎಂದರೆ ಕಂದು ಬಣ್ಣದ ಅಡಿಯಲ್ಲಿ ಜೇನಿನ, ಚಿನ್ನದ, ಕೆಲವರಲ್ಲಿ ಹೆಂಚಿನ ಕೆಂಪಿನ ಛಾಯೆ. ಅಂಗಡಿಯ ಭಾಷೆಯಲ್ಲಿ ಅದು ‘ವಾರ್ಮ್’. ನಿಮಗೆ ಕೊಟ್ಟ ಟ್ಯೂಬು ಗಾಢತೆಯಲ್ಲಂತೂ ತಪ್ಪಿದೆ. ಅದರ ಮೇಲೆ ‘ರೋಸ್’ ಎಂದೋ ‘ಐವರಿ’ ಎಂದೋ ಬರೆದಿದ್ದರೆ ಛಾಯೆಯಲ್ಲೂ ತಪ್ಪಿದೆ.

ಬೂದಿ ಬಣ್ಣ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಅಡುಗೆಮನೆಗೆ ಹೋಗಿ. ಕಡಪಾ ಕಲ್ಲಿನ ಕಟ್ಟೆಯ ಮೇಲೆ ಎರಡು ಹನಿ ನೀರು ಮಜ್ಜಿಗೆ ಚೆಲ್ಲಿ, ಬೆರಳಿನಿಂದ ತೆಳ್ಳಗೆ ಸವರಿ. ಮಜ್ಜಿಗೆ ಬಿಳಿ, ಕಲ್ಲು ಕಪ್ಪು. ಕಣ್ಣಿಗೆ ಕಾಣುವುದು ಮಾತ್ರ ನೀಲಿ ಬೆರೆತ ಬೂದು. ನಿಮ್ಮ ಕಣ್ಣಿನ ಕೆಳಗೆ ಆಗುತ್ತಿರುವುದೂ ಇದೇ. ತಿಳಿ ಬಣ್ಣದ ಕನ್ಸೀಲರ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಹೆಚ್ಚು. ಚರ್ಮದ ಬಣ್ಣ ಕೊಡುವ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳು ಕಡಿಮೆ. ಕಪ್ಪಿನ ಮೇಲೆ ಅದನ್ನು ತೆಳುವಾಗಿ ಹಚ್ಚಿದರೆ ಬೂದಿ. ಬೂದಿ ಮುಚ್ಚಲೆಂದು ಇನ್ನಷ್ಟು ಹಚ್ಚಿದರೆ ಗೆರೆ.

ಇದನ್ನು ನಾನು ಕಲಿತದ್ದು ಒಬ್ಬರ ಮದುವೆಯ ಆಲ್ಬಮ್ ಕೆಡಿಸಿ. ಮೇಕಪ್ ಕೆಲಸ ಶುರುಮಾಡಿದ ಹೊಸತು, ಮಲ್ಲೇಶ್ವರದ ಒಂದು ಛತ್ರ, ಬೆಳಗಿನ ಜಾವದ ನಾಲ್ಕು ಗಂಟೆ. ವಧು ನಿಮ್ಮ ಹಾಗೆಯೇ ಎಣ್ಣೆಗೆಂಪು. ಹಿಂದಿನ ದಿನ ಅರಿಸಿನ ಶಾಸ್ತ್ರ ಮುಗಿದಿತ್ತು, ಕೆನ್ನೆಯಲ್ಲಿ ಹಳದಿ ಇನ್ನೂ ಇಳಿದಿರಲಿಲ್ಲ. ಹಿಂದೆ ನಿಂತಿದ್ದ ಅವರ ದೊಡ್ಡಮ್ಮ ‘ಕಣ್ಣಿನ ಕೆಳಗೆ ಸ್ವಲ್ಪ ಬೆಳ್ಳಗೆ ಮಾಡಮ್ಮ’ ಎಂದರು. ಮಾಡಿದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನನಗೂ ಚೆನ್ನಾಗಿಯೇ ಕಂಡಿತು. ಧಾರೆಯ ಫೋಟೊಗಳು ಬಂದಾಗ ನೋಡಿದರೆ ಹಳದಿ ಮುಖದಲ್ಲಿ ಎರಡು ಬೂದು ಅರ್ಧಚಂದ್ರಗಳು. ಆ ಮನೆಯವರು ಏನೂ ಅನ್ನಲಿಲ್ಲ. ಆದರೆ ಅವರ ಎರಡನೆಯ ಮಗಳ ಮದುವೆಗೆ ನನ್ನನ್ನು ಕರೆಯಲಿಲ್ಲ.

ಯಕ್ಷಗಾನದ ಚೌಕಿಯಲ್ಲಿ, ಅಂದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ, ಕುಳಿತು ನೋಡಿದ್ದರೆ ನನಗೆ ಮೊದಲೇ ಬುದ್ಧಿ ಬರುತ್ತಿತ್ತು. ಅಲ್ಲಿ ಸಫೇದ ಎಂಬ ಬಿಳಿ ಪುಡಿಯೊಂದನ್ನೇ ಯಾರೂ ಮೂಲಬಣ್ಣವಾಗಿ ಬಳಿದುಕೊಳ್ಳುವುದಿಲ್ಲ. ಬಿಳಿಗೆ ಹಳದಿ, ಕೆಂಪು ಕಲಸಿ, ಅಂಗೈ ಮೇಲೆ ತಿಕ್ಕಿ ನೋಡಿ, ಆಮೇಲೆ ಮುಖಕ್ಕೆ.

ಅಂಗಡಿಗೆ ಹೋಗುವ ಮೊದಲು ನಿಮ್ಮ ಕಪ್ಪು ಯಾವ ಜಾತಿಯದು ಎಂದು ಕಂಡುಕೊಳ್ಳಿ. ಬೆಳಗ್ಗೆ ಕಿಟಕಿಯ ಎದುರು ಒಂದು ಕೈಗನ್ನಡಿ ಹಿಡಿದು ನಿಲ್ಲಿ. ಕಣ್ಣಿನ ಕೆಳಗಿನ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಎಳೆಯಿರಿ. ಕಪ್ಪು ಹಾಗೆಯೇ ಕಂದಾಗಿ ಉಳಿದರೆ ಅದು ಚರ್ಮದಲ್ಲೇ ಇರುವ ಮೆಲನಿನ್ ಎಂಬ ಬಣ್ಣದ ವಸ್ತು. ಎಳೆದಾಗ ನೀಲಿ, ನೇರಳೆ ಇನ್ನೂ ಎದ್ದು ಕಂಡರೆ ಅದು ತೆಳು ಚರ್ಮದ ಅಡಿಯ ರಕ್ತನಾಳಗಳ ಬಣ್ಣ; ಅಲ್ಲಿನ ಚರ್ಮ ಸುಮಾರು ಅರ್ಧ ಮಿಲಿಮೀಟರ್ ದಪ್ಪವಷ್ಟೇ. ಇನ್ನು ಗಲ್ಲ ಮೇಲೆತ್ತಿ ಬೆಳಕಿಗೆ ಮುಖ ಒಡ್ಡಿದ ಕೂಡಲೇ ಕಪ್ಪು ಮಾಯವಾದರೆ ಅದು ಬಣ್ಣವೇ ಅಲ್ಲ, ಕಣ್ಣಿನ ಕೆಳಗಿನ ತಗ್ಗಿನ ನೆರಳು. ನಮ್ಮವರಲ್ಲಿ ಹೆಚ್ಚಿನವರಿಗೆ ಇವು ಎರಡೋ ಮೂರೋ ಬೆರೆತೇ ಇರುತ್ತವೆ. ಅಮ್ಮನಿಗೂ ಇದೆ, ಕಾಲೇಜಿನಿಂದಲೂ ಇದೆ ಎಂದಿರುವುದರಿಂದ ನಿಮ್ಮದರಲ್ಲಿ ಮೆಲನಿನ್ ಪಾಲು ದೊಡ್ಡದಿರಬೇಕು.

ಒಂದೇ ಕಣ್ಣಿನ ಕೆಳಗೆ ಇದ್ದಕ್ಕಿದ್ದಂತೆ ಬಂದ ಕಪ್ಪು, ಊತ, ತುರಿಕೆ ಇದ್ದರೆ ನನ್ನನ್ನು ಕೇಳಬೇಡಿ, ಚರ್ಮವೈದ್ಯರಲ್ಲಿ ಹೋಗಿ. ಧೂಳಿಗೋ ಕಾಂಗ್ರೆಸ್ ಗಿಡದ ಪರಾಗಕ್ಕೋ ಮೂಗು ಕಟ್ಟಿಕೊಂಡು, ದಿನವಿಡೀ ಕಣ್ಣುಜ್ಜುವವರು ಈ ಊರಿನಲ್ಲಿ ಕಡಿಮೆಯಿಲ್ಲ. ಉಜ್ಜಿದಷ್ಟೂ ಕಪ್ಪು ಗಾಢವಾಗುತ್ತದೆ. ಔಷಧಿ ಅಂಗಡಿಯವರು ‘ಇದು ಹಚ್ಚಿ’ ಎಂದು ಕೊಡುವ ಸ್ಟೆರಾಯ್ಡ್ ಮುಲಾಮನ್ನು ಮಾತ್ರ ಕಣ್ಣಿನ ಹತ್ತಿರ ಸುಳಿಯಲು ಬಿಡಬೇಡಿ.

ಈಗ ಬಣ್ಣಕ್ಕೆ ಬರೋಣ. ನಿಮಗೆ ಬೇಕಾದದ್ದು ಒಂದಲ್ಲ, ಎರಡು ವಸ್ತು. ಮೊದಲನೆಯದು ಕರೆಕ್ಟರ್. ಬಣ್ಣದ ಚಕ್ರದಲ್ಲಿ ನೀಲಿಯ ಎದುರಿಗೆ ಕಿತ್ತಳೆ ಕೂರುತ್ತದೆ, ನೇರಳೆಯ ಎದುರಿಗೆ ಹಳದಿ. ಎದುರುಬದುರಿನ ಬಣ್ಣಗಳು ಬೆರೆತರೆ ಒಂದನ್ನೊಂದು ತಣಿಸುತ್ತವೆ. ಹಾಗಾಗಿ ನೀಲಿಗಪ್ಪಿನ ಮೇಲೆ ಕಿತ್ತಳೆಯ ತೆಳು ಪದರ ಬಿದ್ದರೆ ಅದು ಚರ್ಮದ ಕಂದಿಗೆ ಹತ್ತಿರ ಬರುತ್ತದೆ. ವಿದೇಶದ ವೀಡಿಯೊಗಳಲ್ಲಿ ‘ಪೀಚ್’ ಬಣ್ಣದ್ದು ಕೊಳ್ಳಿ ಎನ್ನುತ್ತಾರಲ್ಲ, ಅದು ಬಿಳಿಯ ಚರ್ಮಕ್ಕೆ. ನಮ್ಮ ಮೇಲೆ ಅದೂ ಮಜ್ಜಿಗೆಯೇ. ನಿಮ್ಮ ಬಣ್ಣಕ್ಕೆ ಬೇಕಾದದ್ದು ಹಣ್ಣಾದ ಪಪ್ಪಾಯಿಯ ತಿರುಳಿನ ಬಣ್ಣ. ನಿಮಗಿಂತ ಗಾಢವಾದವರಿಗೆ ಇನ್ನೂ ಕೆಂಪು, ಹೆಂಚಿನ ಕಡೆಗೆ. ಅಂಗಡಿಯಲ್ಲಿ ‘ಆರೆಂಜ್ ಕರೆಕ್ಟರ್’ ಎಂದು ಕೇಳಿದರೆ ಸಾಕು. ಎಲ್‌ಎ ಗರ್ಲ್‌ನ ಕಿತ್ತಳೆ ಟ್ಯೂಬು ಬಹಳ ಕಾಲದಿಂದ ನಮ್ಮ ವೃತ್ತಿಯವರ ಡಬ್ಬಿಯಲ್ಲಿದೆ. ಕರೆಕ್ಟರ್‌ಗೆ ದುಬಾರಿ ಬ್ರ್ಯಾಂಡಿನ ಹಿಂದೆ ಹೋಗುವ ಅಗತ್ಯ ನನಗೆ ಎಂದೂ ಕಂಡಿಲ್ಲ. ಹಣ ಉಳಿಸಿ ಕನ್ಸೀಲರ್‌ಗೆ ಹಾಕಿ.

ಲಿಪ್‌ಸ್ಟಿಕ್ ಹಚ್ಚಿದರೆ ಆಗದೇ ಎಂದು ಕೇಳುವವರು ಇದ್ದಾರೆ. ಭಾರತೀಯ ಮೂಲದ ಅಮೆರಿಕನ್ ದೀಪಿಕಾ ಮುತ್ಯಾಲ 2015ರಲ್ಲಿ ಕಣ್ಣಿನ ಕೆಳಗೆ ಕೆಂಪು ಲಿಪ್‌ಸ್ಟಿಕ್ ಸವರಿ ಅದರ ಮೇಲೆ ಕನ್ಸೀಲರ್ ಹಚ್ಚಿ ತೋರಿಸಿದ ವೀಡಿಯೊವನ್ನು ಕೋಟಿಗೂ ಹೆಚ್ಚು ಸಲ ನೋಡಲಾಯಿತು. ಉಪಾಯವೇನೋ ಸರಿಯೇ, ಬಣ್ಣದ ಲೆಕ್ಕ ಅದೇ. ಆದರೆ ತುಟಿಗೆ ಬಳಸುವ ಕೆಲವು ಕೆಂಪು ಬಣ್ಣಗಳಿಗೆ ಕಣ್ಣಿನ ಸುತ್ತ ಬಳಸಲು ಅಮೆರಿಕದಲ್ಲಿ ಒಪ್ಪಿಗೆಯಿಲ್ಲ. ದಿನ ಪೂರ್ತಿ ನಿಲ್ಲುವ ಮ್ಯಾಟ್ ಲಿಪ್‌ಸ್ಟಿಕ್ ಅಂತೂ ಆ ತೆಳು ಚರ್ಮವನ್ನು ಒಣಗಿಸಿ ಕಲೆಯನ್ನೂ ಉಳಿಸುತ್ತದೆ. ಆರೆಂಜ್ ಕರೆಕ್ಟರ್ ಸುಲಭವಾಗಿ ಸಿಗುವಾಗ ಆ ಸಾಹಸ ಏಕೆ?

ಎರಡನೆಯದು ಕನ್ಸೀಲರ್. ನನ್ನ ನಿಯಮ ಕಟ್ಟುನಿಟ್ಟು: ಅದು ನಿಮ್ಮ ಕೆನ್ನೆಯ ಬಣ್ಣವೇ ಆಗಿರಬೇಕು. ತೀರಾ ಆಸೆಯಾದರೆ ಅರ್ಧ ಶೇಡ್ ತಿಳಿ, ಅದಕ್ಕಿಂತ ಹೆಚ್ಚಿಲ್ಲ. ಕಣ್ಣಿನ ಕೆಳಗೆ ‘ಬೆಳಕು’ ತರಬೇಕು ಎಂಬ ಸಲಹೆ, ಕಪ್ಪೇ ಇಲ್ಲದವರಿಗೆ ಹೇಳಿದ್ದು. ನಮ್ಮ ಕೌಂಟರುಗಳಲ್ಲಿ ಅದಕ್ಕೆ ಇನ್ನೊಂದು ಹಳೆಯ ರೋಗವೂ ಅಂಟಿಕೊಂಡಿದೆ. ದೇಶದಲ್ಲೇ ಹೆಸರಾಂತ ಬಿಳುಪಿನ ಕ್ರೀಮ್ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕಿತ್ತುಹಾಕಿತು. 2017ರಲ್ಲಿ ಫೆಂಟಿ ಬ್ಯೂಟಿ 40 ಶೇಡ್‌ಗಳ ಫೌಂಡೇಶನ್ ತಂದ ಮೇಲೆ ಉಳಿದ ಕಂಪನಿಗಳೂ ಗಾಢ ಬಣ್ಣಗಳತ್ತ ತಿರುಗಿದವು. ಕೌಂಟರಿನ ಹುಡುಗಿಯ ಕೈ ಮಾತ್ರ ಇನ್ನೂ ಎರಡು ಶೇಡ್ ತಿಳಿಯಾದದ್ದರ ಕಡೆಗೇ ಹೋಗುತ್ತದೆ. ‘ನನ್ನ ಬಣ್ಣದ್ದೇ ಕೊಡಿ’ ಎಂದು ನಿಂತುಕೊಳ್ಳಿ.

ಟ್ಯೂಬಿನ ಮೇಲಿನ ಅಕ್ಷರಗಳಲ್ಲಿ ಡಬ್ಲ್ಯು ಎಂದರೆ ವಾರ್ಮ್, ಸಿ ಎಂದರೆ ಕೂಲ್ (ಗುಲಾಬಿ ಛಾಯೆ), ಎನ್ ಎಂದರೆ ನ್ಯೂಟ್ರಲ್ (ಎರಡರ ನಡುವಿನದು). ಮ್ಯಾಕ್ ಕಂಪನಿಯದು ಮಾತ್ರ ತಿರುವುಮುರುವು: ಅಲ್ಲಿ ಚಿನ್ನದ ಛಾಯೆಯವರಿಗೆ ಎನ್‌ಸಿ ಸಾಲು, ಗುಲಾಬಿ ಛಾಯೆಯವರಿಗೆ ಎನ್‌ಡಬ್ಲ್ಯು. ‘ಡಬ್ಲ್ಯು ಅಂದರೆ ವಾರ್ಮ್ ತಾನೇ’ ಎಂದು ತಂದುಕೊಂಡು ಮುಖ ಕೆಂಪಗೆ ಮಾಡಿಕೊಂಡವರನ್ನು ನೋಡಿದ್ದೇನೆ. ನಿಮ್ಮ ವರ್ಣನೆಯಿಂದ ಅಂದಾಜು ಮಾಡುವುದಾದರೆ ನೀವು ಎನ್‌ಸಿ 42ರಿಂದ 45ರ ಆಸುಪಾಸಿನಲ್ಲಿ ಇರಬಹುದು. ಆದರೆ ಅಕ್ಷರ ನಂಬಿ ಕೊಳ್ಳಬೇಡಿ, ಹಚ್ಚಿ ನೋಡಿ. ಬೇರೆ ಕಂಪನಿಗಳಲ್ಲಿ ‘ಗೋಲ್ಡನ್’, ‘ಹನಿ’, ‘ಕ್ಯಾರಮೆಲ್’, ‘ಆಲ್ಮಂಡ್’ ಎಂಬ ಹೆಸರುಗಳ ಸುತ್ತ ಹುಡುಕಿ. ಮಣಿಕಟ್ಟಿನ ನರ ಹಸಿರೋ ನೀಲಿಯೋ ಎಂದು ನೋಡುವ ಪರೀಕ್ಷೆ ನಮ್ಮ ಚರ್ಮದಲ್ಲಿ ಅಷ್ಟೇನೂ ನಂಬಿಕೆಯದ್ದಲ್ಲ.

ಹಚ್ಚಿ ನೋಡುವುದು ಎಲ್ಲಿ? ಮುಂಗೈ ಮೇಲಂತೂ ಬೇಡ. ಸ್ಕೂಟರ್ ಓಡಿಸುವ ಬೆಂಗಳೂರಿನ ಹೆಣ್ಣುಮಕ್ಕಳ ಕೈ ಅವರ ಮುಖಕ್ಕಿಂತ ಎರಡು ಶೇಡ್ ಗಾಢ ಇರುತ್ತದೆ. ಕೆನ್ನೆ ಮುಗಿದು ಕತ್ತು ಶುರುವಾಗುವಲ್ಲಿ ಮೂರು ಶೇಡ್‌ಗಳನ್ನು ಪಕ್ಕಪಕ್ಕ ಗೀಟಿನಂತೆ ಎಳೆಸಿಕೊಳ್ಳಿ. ಹಾಗೆಯೇ ಹೊರಗೆ ಬನ್ನಿ. ಕಮರ್ಷಿಯಲ್ ಸ್ಟ್ರೀಟೋ ಜಯನಗರ 4ನೇ ಬ್ಲಾಕೋ, ಇಪ್ಪತ್ತು ನಿಮಿಷ ಸುತ್ತಾಡಿ. ಜನ ನೋಡುತ್ತಾರೆ, ನೋಡಲಿ. ಅಂಗಡಿಯ ಹಳದಿ ದೀಪದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅಲ್ಲದೆ ಕೆಲವು ಕನ್ಸೀಲರ್‌ಗಳು ಚರ್ಮದ ಎಣ್ಣೆಗೆ ಬೆರೆತು ಹತ್ತಿಪ್ಪತ್ತು ನಿಮಿಷದಲ್ಲಿ ಒಂದು ಬಗೆಯಾಗಿ ಗಾಢವಾಗುತ್ತವೆ. ಅಷ್ಟಾದ ಮೇಲೆ ಯಾವ ಗೀಟು ಕಣ್ಣಿಗೆ ಕಾಣದೆ ಕರಗಿಹೋಗಿದೆಯೋ ಅದು ನಿಮ್ಮದು. ಟೆಸ್ಟರ್ ಅನ್ನು ನೇರ ಕಣ್ಣಿಗೆ ಮುಟ್ಟಿಸಬೇಡಿ, ಹತ್ತು ಜನ ಮುಟ್ಟಿದ ಕಡ್ಡಿಯಿಂದ ಮದ್ರಾಸ್ ಐ ತಂದುಕೊಳ್ಳುವುದು ಸುಲಭ. ಇನ್ನೊಂದು ಮಾತು: ಮನೆಯಲ್ಲಿ ಅರಿಸಿನ ಹಚ್ಚಿಸಿಕೊಂಡ ಒಂದೆರಡು ದಿನ ಬಣ್ಣ ಹೊಂದಿಸಲು ಹೋಗಲೇಬೇಡಿ. ನನ್ನ ಕಥೆ ಕೇಳಿದಿರಲ್ಲ.

ಹಚ್ಚುವ ಮುಂಚೆ ಚರ್ಮ ಸಿದ್ಧವಾಗಬೇಕು. ಕಣ್ಣಿನ ಕೆಳಗೆ ಎಣ್ಣೆಯ ಗ್ರಂಥಿಗಳು ಬಹಳ ಕಡಿಮೆ, ಹಾಗಾಗಿ ಒಣಗಿದ ಚರ್ಮದ ಮೇಲೆ ಕೂತ ಕನ್ಸೀಲರ್ ಬೇಸಿಗೆಯ ಕೆರೆಯಂಗಳದಂತೆ ಬಿರಿಯುತ್ತದೆ. ಡಿಸೆಂಬರ್, ಜನವರಿಯ ಒಣಗಾಳಿಯಲ್ಲಿ ಇನ್ನೂ ಹೆಚ್ಚು. ಹಗುರವಾದ ಮಾಯಿಶ್ಚರೈಸರ್, ಅದರ ಮೇಲೆ ಸನ್‌ಸ್ಕ್ರೀನ್, ನಡುವೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಆಮೇಲೆ ಟಿಶ್ಯೂ ಕಾಗದವನ್ನು ಒತ್ತಿ ಮೇಲುಳಿದ ಜಿಡ್ಡನ್ನು ತೆಗೆಯಿರಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಊರಿನಲ್ಲಿ ಹವೆ ತಂಪಿದ್ದರೂ ಬಿಸಿಲು ಚುರುಕು. ಮೆಲನಿನ್‌ನ ಕಪ್ಪಿಗೆ ಸನ್‌ಸ್ಕ್ರೀನ್ ಹಚ್ಚದಿದ್ದರೆ ದಿನವೂ ಗಾಢವಾಗುವ ಕಪ್ಪನ್ನು ದಿನವೂ ಮುಚ್ಚುವ ಕೆಲಸವಾಗುತ್ತದೆ. ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್ ಆದರೆ ಇನ್ನೂ ಒಳ್ಳೆಯದು, ಅದು ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ.

ಈಗ ಅಳತೆ. ಕರೆಕ್ಟರ್ ಒಂದು ಕಣ್ಣಿಗೆ ಸಾಸಿವೆ ಕಾಳಿನಷ್ಟು. ಉಂಗುರದ ಬೆರಳಿನ ತುದಿಯಲ್ಲಿ ತೆಗೆದುಕೊಂಡು ಹೆಬ್ಬೆರಳಿಗೆ ತಿಕ್ಕಿ ಬೆಚ್ಚಗೆ ಮಾಡಿ. ಆ ಬೆರಳಿನಲ್ಲಿ ಬಲ ಕಡಿಮೆ, ಚರ್ಮ ಎಳೆಯುವುದಿಲ್ಲ. ಕಪ್ಪು ಎಲ್ಲಿ ಅತಿ ಗಾಢವೋ ಅಲ್ಲಿ ಮಾತ್ರ ತಟ್ಟಿ: ಹೆಚ್ಚಿನವರಲ್ಲಿ ಅದು ಮೂಗಿನ ಪಕ್ಕದ ಮೂಲೆ ಮತ್ತು ಅಲ್ಲಿಂದ ಕೆನ್ನೆಯ ಕಡೆಗೆ ಇಳಿಯುವ ತಗ್ಗು. ಕಣ್ಣಿನ ಕೆಳಗಿನ ಉಬ್ಬಿನ ಮೇಲೆ ಬೇಡ; ಉಬ್ಬನ್ನು ಯಾವ ಬಣ್ಣವೂ ಇಳಿಸಲಾರದು, ಹಚ್ಚಿದರೆ ಅದು ಇನ್ನಷ್ಟು ಎದ್ದು ಕಾಣುತ್ತದೆ. ಅಂಚನ್ನು ಮಾತ್ರ ತಟ್ಟಿ ಕರಗಿಸಿ, ನಡುವನ್ನು ಹಾಗೆಯೇ ಬಿಡಿ. ಇಲ್ಲಿ ನಿಂತು ಕನ್ನಡಿ ನೋಡಿ. ಕಪ್ಪು ಮಾಸಿ ಕೆನ್ನೆಯಂತೆ ಕಂದಾಗಿದ್ದರೆ ಗೆದ್ದಿರಿ. ಕಿತ್ತಳೆ ಕಿತ್ತಳೆಯಾಗಿಯೇ ಹೊಳೆಯುತ್ತಿದ್ದರೆ ಹೆಚ್ಚಾಗಿದೆ, ಬರಿ ಬೆರಳಿನಿಂದ ತಟ್ಟಿ ತೆಗೆಯಿರಿ. ಅದರ ಮೇಲೆ ಕನ್ಸೀಲರ್ ಸುರಿದು ಮುಚ್ಚಲು ಹೋಗಬೇಡಿ.

ಫೌಂಡೇಶನ್ ಹಚ್ಚುವವರಾದರೆ ಅದು ಈಗ. ನಂತರ ಕನ್ಸೀಲರ್, ಮೆಂತ್ಯದ ಕಾಳಿನಷ್ಟು. ವೀಡಿಯೊಗಳಲ್ಲಿ ಕಣ್ಣಿನ ಕೆಳಗೆ ದೊಡ್ಡ ತ್ರಿಕೋನ ಬರೆಯುತ್ತಾರೆ, ಅದು ಕ್ಯಾಮೆರಾಕ್ಕೆ. ನೀವು ಎರಡೇ ಚುಕ್ಕೆ ಇಡಿ: ಒಳಮೂಲೆಯಲ್ಲಿ ಒಂದು, ಹೊರಮೂಲೆಯಲ್ಲಿ ಒಂದು. ಅರ್ಧ ನಿಮಿಷ ಬಿಡಿ, ಸ್ವಲ್ಪ ಗಟ್ಟಿಯಾದರೆ ಕಡಿಮೆ ವಸ್ತುವೇ ಹೆಚ್ಚು ಮುಚ್ಚುತ್ತದೆ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಾಂಜಿನಿಂದಲೋ ಬೆರಳಿನಿಂದಲೋ ತಟ್ಟಿ. ಎಳೆಯಬೇಡಿ, ಎಳೆದರೆ ಅಡಿಯ ಕಿತ್ತಳೆ ಕಿತ್ತುಬರುತ್ತದೆ. ರೆಪ್ಪೆಯ ಕೂದಲಿನ ತನಕ ಹೋಗಬೇಡಿ, ಎರಡು ಮಿಲಿಮೀಟರ್ ಖಾಲಿ ಬಿಡಿ. ಗೆರೆ ಹುಟ್ಟುವುದೇ ಅಲ್ಲಿ.

ಪೌಡರ್ ಹಾಕುವ ಮೊದಲು ಮೇಲೆ, ತಾರಸಿಯ ಕಡೆಗೆ ನೋಡಿ. ಕಣ್ಣಿನ ಕೆಳಗಿನ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ. ಅಲ್ಲಿ ಕೂತುಬಿಟ್ಟ ಕನ್ಸೀಲರನ್ನು ಬೆರಳಿನಿಂದ ಒಮ್ಮೆ ತಟ್ಟಿ ಸಮ ಮಾಡಿ, ಕಣ್ಣು ಮೇಲಿರುವಾಗಲೇ ಚಿಕ್ಕ ಬ್ರಷ್ಷಿನಿಂದ ಪೌಡರ್ ಮುಟ್ಟಿಸಿ. ಕುಂಕುಮ ಇಡುವಾಗ ಬೆರಳಿಗೆ ಹತ್ತುವಷ್ಟು ಸಾಕು. ‘ಟ್ರಾನ್ಸ್‌ಲ್ಯೂಸೆಂಟ್’ ಎಂದು ಮಾರುವ ಬಿಳಿ ಪೌಡರ್ ನಮ್ಮ ಬಣ್ಣದ ಮೇಲೆ ಮತ್ತೆ ಬೂದಿ. ಫ್ಲ್ಯಾಶ್ ಬಿದ್ದರೆ ಸುಣ್ಣ. ಹಳದಿ ಛಾಯೆಯ ‘ಬನಾನಾ ಪೌಡರ್’ ಅಥವಾ ನಿಮ್ಮ ಮೈಬಣ್ಣದ ಪೌಡರ್ ಕೊಳ್ಳಿ. ಬನಾನಾ ಪೌಡರಿನಲ್ಲೂ ತೀರಾ ತಿಳಿಯಾದದ್ದನ್ನು ಬಿಡಿ.

ಕಾಡಿಗೆಯ ವಿಷಯ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಕೆಳರೆಪ್ಪೆಗೆ ಹಚ್ಚಿದ ಕಾಡಿಗೆ ಬೆವರಿಗೆ ಇಳಿದು ಕನ್ಸೀಲರಿಗೆ ಬೆರೆತರೆ ಮಧ್ಯಾಹ್ನದ ಹೊತ್ತಿಗೆ ಇದ್ದ ಕಪ್ಪಿಗಿಂತ ಹೆಚ್ಚಿನ ಕಪ್ಪಾಗುತ್ತದೆ. ರಾತ್ರಿ ತೆಗೆಯದೆ ಮಲಗಿದರೆ ಬೆಳಗ್ಗೆ ನೀವು ಮುಚ್ಚುತ್ತಿರುವುದು ನಿನ್ನೆಯ ಕಾಡಿಗೆಯನ್ನೇ. ಹತ್ತಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಕಣ್ಣಿನ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡು ಒರೆಸಿ, ನಂತರ ಫೇಸ್‌ವಾಶ್. ಉಜ್ಜಬೇಡಿ.

ನಿಮ್ಮ ದಿನದ ಪ್ರಯಾಣವೂ ಲೆಕ್ಕಕ್ಕೆ ಬರುತ್ತದೆ. ಬನಶಂಕರಿಯಲ್ಲಿ ಹಸಿರು ಮಾರ್ಗ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೂಕುನುಗ್ಗಲಿನ ನಡುವೆ ನೇರಳೆ ಮಾರ್ಗಕ್ಕೆ ಬದಲಿಸಿ ವೈಟ್‌ಫೀಲ್ಡ್ ತಲುಪುವಷ್ಟರಲ್ಲಿ ಮುಖ ಒಮ್ಮೆ ಬೆವರಿ, ಒಮ್ಮೆ ಎಸಿಗೆ ಒಣಗಿರುತ್ತದೆ. ಕಚೇರಿ ತಲುಪಿದ ಮೇಲೆ ಮೇಲಿಂದ ಮೇಲೆ ಪೌಡರ್ ಹಾಕಬೇಡಿ. ಟಿಶ್ಯೂ ಒತ್ತಿ, ಗೆರೆಯನ್ನು ಬೆರಳಿನಿಂದ ಬೆಚ್ಚಗೆ ತಟ್ಟಿ, ಸಾಕು. ಲಿಫ್ಟಿನ ಕನ್ನಡಿಯನ್ನೂ ಪೂರ್ತಿ ನಂಬಬೇಡಿ. ನೆತ್ತಿಯ ಮೇಲಿನ ದೀಪ ಎಂಥವರ ಕಣ್ಣಿನ ಕೆಳಗೂ ನೆರಳು ಬೀಳಿಸುತ್ತದೆ.

ಕನ್ನಡಕದ ಪ್ಯಾಡ್ ಮೂಗಿನ ಮೇಲೆ ಕೂರುವ ಜಾಗಕ್ಕೆ ಏನನ್ನೂ ಹಚ್ಚಬೇಡಿ, ಅದು ಜಾರಿ ಒಳಮೂಲೆಯ ಕನ್ಸೀಲರನ್ನು ಒರೆಸಿಹಾಕುತ್ತದೆ. ದಪ್ಪ ಕಪ್ಪು ಫ್ರೇಮ್ ಆಗಿದ್ದರೆ ಅದರ ಕೆಳಅಂಚಿನ ನೆರಳು ನಿಮ್ಮ ಕಪ್ಪಿನ ಮೇಲೆಯೇ ಬೀಳುತ್ತದೆ. ತೆಳು ಅಥವಾ ಪಾರದರ್ಶಕ ಫ್ರೇಮ್ ಹಾಕಿ ನೋಡಿ, ಅರ್ಧ ಕನ್ಸೀಲರ್ ಉಳಿಯಬಹುದು.

ಮದುವೆಯ ದಿನ ಕಳಸಗಿತ್ತಿ ಎಂದರೆ ವರನ ಜೊತೆಗೆ ಎಲ್ಲ ಫೋಟೊದಲ್ಲೂ ನೀವು. ಹೋಮದ ಹೊಗೆಗೆ ಕಣ್ಣಲ್ಲಿ ನೀರು ಬಂದೇ ಬರುತ್ತದೆ. ಆಗ ಸೆರಗಿನಿಂದ ಒರೆಸಿಕೊಳ್ಳದೆ, ಟಿಶ್ಯೂವಿನ ಮೂಲೆಯನ್ನು ಕೆಳರೆಪ್ಪೆಯ ಅಂಚಿಗೆ ತಾಗಿಸಿ ನೀರನ್ನು ಹೀರಿಸಿ. ನಾಲ್ಕು ಟಿಶ್ಯೂ ಸೊಂಟಕ್ಕೆ ಸಿಕ್ಕಿಸಿಕೊಂಡಿರಿ. ಹದಿನೈದು ದಿನ ಮುಂಚೆಯೇ ಎಲ್ಲವನ್ನೂ ಒಮ್ಮೆ ಹಚ್ಚಿ, ಬಾಲ್ಕನಿಯಲ್ಲಿ ಒಂದು ಫೋಟೊ, ರಾತ್ರಿ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆಸಿಕೊಳ್ಳಿ. ಆ ಎರಡರಲ್ಲಿ ಬೂದಿ ಕಾಣದಿದ್ದರೆ ಛತ್ರದಲ್ಲೂ ಕಾಣುವುದಿಲ್ಲ.

ಮಾಲ್‌ನಲ್ಲಿ ಕೊಂಡ ಆ ತಿಳಿ ಟ್ಯೂಬನ್ನು ಎಸೆಯಬೇಡಿ. ತೆರೆದು ಒಂದು ವರ್ಷ ದಾಟಿಲ್ಲದಿದ್ದರೆ, ವಾಸನೆ ಕೆಟ್ಟಿಲ್ಲದಿದ್ದರೆ ಅದಕ್ಕೂ ಕೆಲಸವಿದೆ: ರೇಷ್ಮೆ ಸೀರೆಗೆ ಹೊಂದುವ ಐಶ್ಯಾಡೋ ಹಚ್ಚುವ ಮೊದಲು ಮೇಲ್‌ರೆಪ್ಪೆಗೆ ತೆಳುವಾಗಿ ಸವರಿದರೆ ಬಣ್ಣ ಚೆನ್ನಾಗಿ ಎದ್ದು ಬರುತ್ತದೆ. ಹುಬ್ಬಿನ ಕೆಳಅಂಚನ್ನು ತಿದ್ದಲೂ ಆಗುತ್ತದೆ. ಇಲ್ಲವೇ ಅಂಗೈ ಮೇಲೆ ಅದರ ಒಂದು ಮೆಂತ್ಯದ ಕಾಳಿಗೆ ಕಿತ್ತಳೆ ಕರೆಕ್ಟರ್ ಒಂದು ಸಾಸಿವೆ ಕಾಳು, ನಿಮ್ಮ ಫೌಂಡೇಶನ್ ಒಂದು ಹನಿ ಕಲಸಿ ನೋಡಿ, ಚೌಕಿಯಲ್ಲಿ ಕಲಸುವಂತೆಯೇ.